ವಾಲ್ವಿನ ಬಯಾಸ್: ಕಿವಿಯ ತೀರ್ಪೋ, ಮೀಟರಿನ ತೀರ್ಪೋ?

ಗಿಟಾರಿನ ನಾದವನ್ನು ಹಿಗ್ಗಿಸಿ ಸಭೆಗೆ ಕೇಳಿಸುವ ಆಂಪ್ಲಿಫೈಯರುಗಳಲ್ಲಿ ನಿರ್ವಾತ ನಳಿಗೆಗಳನ್ನು, ಎಂದರೆ ರೇಡಿಯೋ ರಿಪೇರಿ ಅಂಗಡಿಯವರ ಮಾತಿನಲ್ಲಿ ವಾಲ್ವುಗಳನ್ನು, ಬಳಸುವ ಪದ್ಧತಿ ಇಂದಿಗೂ ಉಳಿದುಬಂದಿದೆ. ೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ಮೇಲೆ ರೇಡಿಯೋ, ದೂರದರ್ಶನ, ಗಣಕಯಂತ್ರ ಇವೆಲ್ಲವುಗಳಿಂದ ವಾಲ್ವು ಒಂದೊಂದಾಗಿ ನಿರ್ಗಮಿಸಿತು. ಗಿಟಾರ್ ವಾದಕರು ಮಾತ್ರ ಅದನ್ನು ಬಿಡಲು ಒಪ್ಪಲಿಲ್ಲ. ಆ ವಾಲ್ವುಗಳಿಗೆ ‘ಬಯಾಸ್’ ಎಂಬುದೊಂದು ಹೊಂದಾಣಿಕೆ ಬೇಕಾಗುತ್ತದೆ. ಈ ಹೊಂದಾಣಿಕೆಯ ವಿಷಯದಲ್ಲಿ ಎರಡು ಪಂಗಡಗಳುಂಟು. “ಬಯಾಸ್ ಎಂಬುದು ಕಿವಿಯ ವಿದ್ಯೆ, ನಾದ ಹಿತವಾಗುವವರೆಗೆ ತಿರುಗಿಸಿದರೆ ಸಾಕು” ಎನ್ನುವುದು ಒಂದು ಪಂಗಡ. “ಶೇಕಡ ೭೦ ಎಂಬ ಅಂಕಿಯನ್ನು ಮುಟ್ಟಿಸಿದರೆ ಕೆಲಸ ಮುಗಿಯಿತು” ಎನ್ನುವುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಎರಡರಲ್ಲಿಯೂ ಒಂದು ಬಗೆಯ ಕುರುಡುತನವೂ ಇದೆ. ಮೊದಲು ತಿಳಿವಳಿಕೆ, ಬಳಿಕ ಮೀಟರು, ಕಡೆಯಲ್ಲಿ ಕಿವಿ ಎಂಬ ಕ್ರಮವೇ ಸರಿಯೆಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿದ್ಯಾರ್ಥಿಗಳ ಮುಂದೆ ಇಡುವುದು ಈ ಬರಹದ ಉದ್ದೇಶ.

ವಾಲ್ವಿನೊಳಗೆ ನಡೆಯುವುದೇನು ಎಂಬುದನ್ನು ಮೊದಲು ನೋಡೋಣ. ಗಾಳಿಯನ್ನು ಹೊರತೆಗೆದ ಗಾಜಿನ ಬುರುಡೆಯಲ್ಲಿ ಕ್ಯಾಥೋಡು ಎಂಬ ಲೋಹದ ಭಾಗವನ್ನು ಕಾಯಿಸಿದರೆ ಅದರಿಂದ ಇಲೆಕ್ಟ್ರಾನುಗಳು ಹೊರಬೀಳುತ್ತವೆ. ಸುತ್ತಲೂ ಇರುವ ಪ್ಲೇಟಿಗೆ ಧನ ವಿದ್ಯುತ್ತನ್ನು ಕೊಟ್ಟರೆ ಅವು ಅದರ ಕಡೆಗೆ ಧಾವಿಸುತ್ತವೆ. ಇಂಗ್ಲೆಂಡಿನ ಫ್ಲೆಮಿಂಗ್ ೧೯೦೪ರಲ್ಲಿ ರಚಿಸಿದ ವಾಲ್ವಿನಲ್ಲಿ ಇದ್ದುದು ಇಷ್ಟೇ. ೧೯೦೬ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಇವೆರಡರ ನಡುವೆ ಗ್ರಿಡ್ಡು ಎಂಬ ಮೂರನೆಯ ಅಂಗವನ್ನು ಇಟ್ಟನು. ಗ್ರಿಡ್ಡಿಗೆ ಋಣ ವಿದ್ಯುತ್ತನ್ನು ಕೊಟ್ಟರೆ ಅದು ಇಲೆಕ್ಟ್ರಾನುಗಳನ್ನು ಹಿಂದಕ್ಕೆ ನೂಕುತ್ತದೆ. ಋಣತ್ವ ಕಡಿಮೆಯಾದಷ್ಟೂ ಹೆಚ್ಚು ಇಲೆಕ್ಟ್ರಾನುಗಳು ಪ್ಲೇಟನ್ನು ಸೇರುತ್ತವೆ. ನಮ್ಮ ಕೆರೆಗಳ ತೂಬನ್ನು ಇಲ್ಲಿ ನೆನೆಯಬಹುದು. ಕೆರೆಯ ನೀರಿನ ಒತ್ತಡ ದೊಡ್ಡದು. ತೂಬಿನ ಹಲಗೆಯನ್ನು ಎತ್ತಿ ಇಳಿಸುವ ಶ್ರಮ ಅದರ ಮುಂದೆ ಅಲ್ಪವಾದುದು. ಆದರೆ ಆ ಅಲ್ಪ ಶ್ರಮವೇ ದೊಡ್ಡ ಪ್ರವಾಹವನ್ನು ಆಳುತ್ತದೆ. ಗಿಟಾರಿನ ತಂತಿಯಿಂದ ಬರುವ ಕ್ಷೀಣ ಸಂಕೇತವು ಇದೇ ರೀತಿಯಲ್ಲಿ ಸ್ಪೀಕರನ್ನು ಅಲುಗಿಸಬಲ್ಲ ಪ್ರವಾಹವನ್ನು ಆಳುತ್ತದೆ.

ಈಗ ಬಯಾಸ್ ಎಂದರೇನೆಂಬುದು ಸುಲಭವಾಗಿ ತಿಳಿಯುತ್ತದೆ. ಗಿಟಾರು ನುಡಿಯದೆ ಸುಮ್ಮನಿರುವಾಗ ತೂಬು ಎಷ್ಟು ತೆರೆದಿರಬೇಕು? ಆ ಸ್ಥಿತಿಯನ್ನು ಗೊತ್ತುಮಾಡುವ, ಕ್ಯಾಥೋಡಿಗೆ ಹೋಲಿಸಿ ಗ್ರಿಡ್ಡಿಗೆ ಕೊಡತಕ್ಕ ಋಣ ವೋಲ್ಟೇಜೇ ಬಯಾಸ್.

ದೊಡ್ಡ ಆಂಪ್ಲಿಫೈಯರುಗಳ ಕೊನೆಯ ಹಂತದಲ್ಲಿ ಸಾಮಾನ್ಯವಾಗಿ ಎರಡು ವಾಲ್ವುಗಳು ಜೋಡಿಯಾಗಿ ದುಡಿಯುತ್ತವೆ. ದಿಮ್ಮಿಯನ್ನು ಕೊಯ್ಯುವ ಇಬ್ಬರು ಒಂದೇ ಗರಗಸವನ್ನು ಸರದಿಯಂತೆ ಎಳೆಯುವ ಹಾಗೆ, ಅಲೆಯ ಮೇಲರ್ಧವನ್ನು ಒಂದು ವಾಲ್ವು, ಕೆಳಗಿನ ಅರ್ಧವನ್ನು ಇನ್ನೊಂದು ಎಳೆಯುತ್ತದೆ. ಇಲ್ಲಿ ಸೂಕ್ಷ್ಮವಾದ ಘಳಿಗೆ ಯಾವುದೆಂದರೆ ಕೆಲಸವು ಒಬ್ಬನಿಂದ ಇನ್ನೊಬ್ಬನಿಗೆ ದಾಟುವ ಘಳಿಗೆ. ಬಯಾಸ್ ಅತಿಯಾಗಿ ಋಣವಾಗಿದ್ದರೆ ಒಂದು ವಾಲ್ವು ಕೈಬಿಟ್ಟ ಮೇಲೆಯೂ ಇನ್ನೊಂದು ಎಚ್ಚೆತ್ತಿರುವುದಿಲ್ಲ. ಅಲೆಯು ಸೊನ್ನೆಯನ್ನು ದಾಟುವ ಎಡೆಯಲ್ಲಿ ಒಂದು ಕೊಂಕು ಮೂಡುತ್ತದೆ. ಮೆಲ್ಲನೆ ನುಡಿಸಿದಾಗ ನಾದವು ಒಣಗಿ, ಒರಟಾಗಿ ಕೇಳುವುದು ಇದರಿಂದಲೇ. ಬಯಾಸಿನ ಋಣತ್ವ ಸಾಲದೆ ಹೋದರೆ ಇದಕ್ಕೆ ವಿರುದ್ಧವಾದ ಕೇಡು. ಆಗ ಎರಡೂ ವಾಲ್ವುಗಳು ಕೆಲಸವಿಲ್ಲದಿದ್ದರೂ ಏದುಸಿರು ಬಿಡುತ್ತ ಎಳೆಯುತ್ತಲೇ ಇರುತ್ತವೆ. ಆ ಶ್ರಮವೆಲ್ಲ ಶಾಖವಾಗಿ ಪ್ಲೇಟನ್ನು ಸುಡುತ್ತದೆ.

ಈ ಶಾಖವನ್ನು ಲೆಕ್ಕಹಾಕುವುದು ಪ್ರೌಢಶಾಲೆಯ ಗಣಿತ. ಸುಮ್ಮನಿರುವ ವಾಲ್ವಿನ ಪ್ಲೇಟಿನ ವೋಲ್ಟೇಜನ್ನು ಅದರ ಪ್ರವಾಹದಿಂದ ಗುಣಿಸಿದರೆ ಪ್ಲೇಟು ತಾಳಬೇಕಾದ ಶಾಖವು ವಾಟುಗಳಲ್ಲಿ ದೊರೆಯುತ್ತದೆ. ಪ್ರತಿಯೊಂದು ಜಾತಿಯ ವಾಲ್ವಿಗೂ ತಯಾರಕರು ಒಂದು ಮಿತಿಯನ್ನು ಹೇಳಿರುತ್ತಾರೆ. ೬ಎಲ್೬ಜಿಸಿ ಎಂಬುದಕ್ಕೆ ೩೦ ವಾಟ್. ಇಎಲ್೩೪ ಎಂಬುದಕ್ಕೆ ೨೫. ಪುಟ್ಟದಾದ ಇಎಲ್೮೪ಕ್ಕೆ ೧೨. ಎರಡು ೬ಎಲ್೬ಜಿಸಿ ವಾಲ್ವುಗಳಿರುವ ಒಂದು ಆಂಪ್ಲಿಫೈಯರನ್ನು ಕಲ್ಪಿಸಿಕೊಳ್ಳೋಣ. ಪ್ಲೇಟಿನಲ್ಲಿ ೪೫೦ ವೋಲ್ಟ್ ಇದೆ. ಪ್ರತಿಯೊಂದು ವಾಲ್ವಿನ ಕ್ಯಾಥೋಡಿಗೂ ನೆಲಕ್ಕೂ ನಡುವೆ ೧ ಓಮ್ ಬೆಲೆಯ ನಿಖರವಾದ ರೆಸಿಸ್ಟರನ್ನು ಬೆಸೆದಿದೆ. ಓಮನ ನಿಯಮದಂತೆ ಅದರ ಮೇಲೆ ಕಾಣುವ ಒಂದೊಂದು ಮಿಲಿವೋಲ್ಟೂ ಒಂದೊಂದು ಮಿಲಿಆಂಪಿಯರ್ ಪ್ರವಾಹಕ್ಕೆ ಸಾಕ್ಷಿ. ಮೀಟರು ೬೨ ಮಿಲಿವೋಲ್ಟ್ ತೋರಿಸಿತೆನ್ನಿ. ಕ್ಯಾಥೋಡಿನ ಪ್ರವಾಹ ೬೨ ಮಿಲಿಆಂಪಿಯರ್. ಇದರಲ್ಲಿ ಸ್ವಲ್ಪ ಪಾಲು ಪ್ಲೇಟನ್ನು ಸೇರದೆ ಸ್ಕ್ರೀನ್ ಗ್ರಿಡ್ಡಿಗೆ ಹೋಗುತ್ತದೆ. ಅದನ್ನು ೪ ಮಿಲಿಆಂಪಿಯರ್ ಎಂದು ಕಳೆಯೋಣ. ಉಳಿದ ೫೮ ಮಿಲಿಆಂಪಿಯರನ್ನು ೪೫೦ ವೋಲ್ಟಿನಿಂದ ಗುಣಿಸಿದರೆ ೨೬.೧ ವಾಟ್, ಎಂದರೆ ಮಿತಿಯ ಶೇಕಡ ೮೭. ಇನ್ನೂ ಒಂದು ಸ್ವರವನ್ನೂ ನುಡಿಸಿಲ್ಲ. ಆಗಲೇ ವಾಲ್ವು ತನ್ನ ಮಿತಿಯ ಅಂಚಿಗೆ ಬಂದಿದೆ!

ಈಗ ಬಯಾಸನ್ನು ಇನ್ನಷ್ಟು ಋಣವಾಗಿಸಿ ಮೀಟರನ್ನು ೪೨ಕ್ಕೆ ಇಳಿಸೋಣ. ಆತುರದ ವಿದ್ಯಾರ್ಥಿ ಹಳೆಯ ೪೫೦ ವೋಲ್ಟಿನಿಂದಲೇ ಗುಣಿಸಿ ಸುಮ್ಮನಾಗಬಹುದು. ಅದು ಸಲ್ಲದು. ವಾಲ್ವುಗಳು ಎಳೆಯುವ ಪ್ರವಾಹ ತಗ್ಗಿದಾಗ ವಿದ್ಯುತ್ ಪೂರೈಕೆಯ ಭಾಗದ ಮೇಲೆ ಹೊರೆ ಇಳಿದು ಪ್ಲೇಟಿನ ವೋಲ್ಟೇಜು ಏರುತ್ತದೆ. ಅದು ೪೫೮ ಆಯಿತೆನ್ನಿ. ಸ್ಕ್ರೀನಿನ ಪಾಲು ಕಳೆದ ೩೯.೫ ಮಿಲಿಆಂಪಿಯರನ್ನು ೪೫೮ರಿಂದ ಗುಣಿಸಿದರೆ ಸುಮಾರು ೧೮.೧ ವಾಟ್, ಮಿತಿಯ ಶೇಕಡ ೬೦. ಒಂದನ್ನು ಬದಲಿಸಿದರೆ ಇನ್ನೊಂದೂ ಬದಲಾಗುವುದರಿಂದ ಪ್ರತಿ ಸಲವೂ ಎರಡನ್ನೂ ಅಳೆಯಬೇಕು.

ಹಾಗಾದರೆ ಶೇಕಡ ೭೦ ಎಂಬ ಪ್ರಸಿದ್ಧವಾದ ಅಂಕಿಯ ಮರ್ಮವೇನು? ಜೋಡಿ ವಾಲ್ವುಗಳು ಸರದಿಯಂತೆ ದುಡಿಯುವ ಈ ಏರ್ಪಾಟಿನಲ್ಲಿ ಗಿಟಾರು ನುಡಿಯತೊಡಗಿದ ಮೇಲೆ ಪ್ಲೇಟಿನ ಶಾಖವು ಸುಮ್ಮನಿರುವಾಗಿನ ಶಾಖಕ್ಕಿಂತ ಹೆಚ್ಚಾಗಬಹುದು. ಆ ಏರಿಕೆಗೆ ಎಡೆಗೊಡಲೆಂದು ಬಿಟ್ಟ ಅಂತರವೇ ಉಳಿದ ಶೇಕಡ ೩೦. ಎಂದ ಮೇಲೆ ೭೦ ಎಂಬುದು ದಾಟಬಾರದ ಗಡಿಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ. ಸೇತುವೆಯ ಮುಂದೆ “ಹತ್ತು ಟನ್ನಿಗಿಂತ ಹೆಚ್ಚು ಭಾರ ಸಲ್ಲದು” ಎಂದು ಬರೆದಿದ್ದರೆ, ಪ್ರತಿಯೊಂದು ಬಂಡಿಯಲ್ಲೂ ಹತ್ತು ಟನ್ ತುಂಬಿಸಿಯೇ ಹೊರಡಬೇಕೆಂದು ಯಾರೂ ತಿಳಿಯುವುದಿಲ್ಲ. ಆದರೆ ಅಂಕಿಗಳನ್ನು ಕಾರಣವರಿಯದೆ ಬಾಯಿಪಾಠ ಮಾಡಿದವರು ವಾಲ್ವಿನ ವಿಷಯದಲ್ಲಿ ಮಾಡುವುದು ಇದನ್ನೇ. ಶೇಕಡ ೫೫ರಲ್ಲಿ ಇಂಪಾಗಿ ನುಡಿಯುವ ಆಂಪ್ಲಿಫೈಯರನ್ನು “ಅಂಕಿ ಸಾಲದು” ಎಂದು ೭೦ಕ್ಕೆ ಏರಿಸಿದರೆ ದೊರೆಯುವ ಲಾಭ ಸಂದೇಹದ್ದು. ವಾಲ್ವಿನ ಆಯುಸ್ಸು ಕಡಿಮೆಯಾಗುವುದು ಮಾತ್ರ ನಿಶ್ಚಯ.

ಇನ್ನು ಕಿವಿಯ ಪಂಗಡದವರ ಮಾತು. ಅದನ್ನು ನಾವು ತಳ್ಳಿಹಾಕುವುದಿಲ್ಲ. ಗಿಟಾರ್ ಆಂಪ್ಲಿಫೈಯರು ಪ್ರಯೋಗಶಾಲೆಯ ಉಪಕರಣವಲ್ಲ, ವಾದ್ಯದ ಒಂದು ಅಂಗ. ಅಲೆಯನ್ನು ತುಸು ತಿರುಚುವುದರಲ್ಲಿಯೇ ಅದರ ಸೊಗಸು ಇರುತ್ತದೆ. ಆ ಸೊಗಸನ್ನು ತೂಗುವ ಮೀಟರು ಯಾವುದೂ ಇಲ್ಲ. ಆದರೆ ಕಿವಿಯ ಅಧಿಕಾರಕ್ಕೂ ಒಂದು ಎಲ್ಲೆಯುಂಟು. ಶೇಕಡ ೬೫ರಲ್ಲಿರುವ ವಾಲ್ವಿಗೂ ೯೦ರಲ್ಲಿರುವ ವಾಲ್ವಿಗೂ ನಾದದಲ್ಲಿ ಕಾಣುವ ಭೇದ ಅತ್ಯಲ್ಪವಾಗಿರಬಹುದು; ಪ್ಲೇಟಿಗೆ ಆ ಭೇದ ಸಾವುಬದುಕಿನದು. ಮೇಲಾಗಿ, ಕಿವಿಗೆ ನಿನ್ನೆಯ ನಾದದ ನೆನಪು ಬಹು ಮಸುಕಾಗಿರುತ್ತದೆ. ಸ್ವಲ್ಪ ಗಟ್ಟಿಯಾದುದನ್ನೆಲ್ಲ ಉತ್ತಮವೆಂದು ಭ್ರಮಿಸುವುದು ಅದರ ಸ್ವಭಾವ. ಆದುದರಿಂದ ಮೀಟರು ಗಡಿಯನ್ನು ಗೊತ್ತುಮಾಡಲಿ; ಗಡಿಯೊಳಗಿನ ಬಯಲಿನಲ್ಲಿ ಕಿವಿ ಸ್ವೇಚ್ಛೆಯಾಗಿ ವಿಹರಿಸಲಿ.

ಗಡಿಯನ್ನು ಮೀರಿದರೆ ಆಗುವುದೇನೆಂಬುದನ್ನೂ ಹೇಳಬೇಕು. ಪ್ಲೇಟು ಅತಿಯಾಗಿ ಕಾದರೆ ಕೆಂಪಗೆ ಹೊಳೆಯತೊಡಗುತ್ತದೆ. ಲೋಹದೊಳಗೆ ಅಡಗಿದ್ದ ಅನಿಲದ ಅಂಶಗಳು ಹೊರಬಂದು ನಿರ್ವಾತವು ಕೆಡುತ್ತದೆ. ಕಾದ ಗ್ರಿಡ್ಡು ತಾನೂ ಇಲೆಕ್ಟ್ರಾನುಗಳನ್ನು ಉಗುಳುತ್ತದೆ. ಇವೆರಡರ ಫಲವಾಗಿ ಗ್ರಿಡ್ಡಿನ ಋಣತ್ವ ಕುಗ್ಗುತ್ತದೆ. ಋಣತ್ವ ಕುಗ್ಗಿದರೆ ಪ್ರವಾಹ ಹೆಚ್ಚುತ್ತದೆ. ಪ್ರವಾಹ ಹೆಚ್ಚಿದರೆ ಶಾಖ ಇನ್ನೂ ಹೆಚ್ಚುತ್ತದೆ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗಿ, ಕಡೆಗೆ ವಾಲ್ವಿನೊಡನೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗಬಹುದು. ಇಂದು ಈ ವಾಲ್ವುಗಳು ಮುಖ್ಯವಾಗಿ ರಷ್ಯ, ಸ್ಲೊವಾಕಿಯ, ಚೀನ ದೇಶಗಳಿಂದ ಬರುತ್ತವೆ. ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯು ೧೯೬೧ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿದ ಕಾಲ ಈಗ ಚರಿತ್ರೆಗೆ ಸೇರಿದೆ. ದೂರದೇಶದಿಂದ ಬೆಲೆತೆತ್ತು ತರಿಸಿದ ವಸ್ತುವನ್ನು ಒಂದು ಗುಣಾಕಾರದ ಸೋಮಾರಿತನಕ್ಕಾಗಿ ಸುಡುವುದು ಜಾಣತನವಲ್ಲ.

ಮತ್ತೊಂದು ರೂಢಿಯನ್ನೂ ಇಲ್ಲಿ ಖಂಡಿಸಬೇಕಾಗಿದೆ. “ಅವರ ಆಂಪ್ಲಿಫೈಯರಿನಲ್ಲಿ ಬಯಾಸ್ ಇಷ್ಟು ವೋಲ್ಟ್ ಇದೆ, ನಮ್ಮದರಲ್ಲಿಯೂ ಅಷ್ಟೇ ಇಟ್ಟರಾಯಿತು” ಎಂದು ನಕಲು ಮಾಡುವವರಿದ್ದಾರೆ. ಒಂದೇ ಹೆಸರಿನ ಎರಡು ವಾಲ್ವುಗಳು, ಒಂದೇ ಪೆಟ್ಟಿಗೆಯಿಂದ ಬಂದಿದ್ದರೂ, ಒಂದೇ ಬಯಾಸಿನಲ್ಲಿ ಒಂದೇ ಪ್ರವಾಹವನ್ನು ಎಳೆಯಬೇಕೆಂಬ ನಿಯಮವಿಲ್ಲ. ಅಳೆಯಬೇಕಾದುದು ತೂಬಿನ ಹಲಗೆ ಎಷ್ಟು ಮೇಲೆದ್ದಿದೆ ಎಂಬುದನ್ನಲ್ಲ, ಎಷ್ಟು ನೀರು ಹರಿಯುತ್ತಿದೆ ಎಂಬುದನ್ನು. ವಾಲ್ವುಗಳನ್ನು ಬದಲಿಸಿದಾಗ ಮರಳಿ ಅಳೆಯಬೇಕೆನ್ನುವುದು ಇದಕ್ಕಾಗಿಯೇ.

ಹೆಸರುಗಳೂ ಕೆಲವು ವೇಳೆ ದಾರಿ ತಪ್ಪಿಸುತ್ತವೆ. ಪ್ರತ್ಯೇಕವಾದ ಋಣ ವೋಲ್ಟೇಜನ್ನು ತಯಾರಿಸಿ ಗ್ರಿಡ್ಡಿಗೆ ಕೊಡುವ ಏರ್ಪಾಟಿಗೆ ‘ಸ್ಥಿರ ಬಯಾಸ್’ ಎಂದು ಹೆಸರು. ವಿನೋದವೆಂದರೆ, ನಾವು ತಿರುಗಿಸಿ ಸರಿಪಡಿಸುವುದು ಈ ‘ಸ್ಥಿರ’ವನ್ನೇ! ಇನ್ನೊಂದು ಏರ್ಪಾಟಿನಲ್ಲಿ ಕ್ಯಾಥೋಡಿನ ದಾರಿಯಲ್ಲಿ ಒಂದು ರೆಸಿಸ್ಟರನ್ನು ಇಟ್ಟಿರುತ್ತಾರೆ. ಪ್ರವಾಹ ಹೆಚ್ಚಿದರೆ ಅದರ ಮೇಲಿನ ವೋಲ್ಟೇಜು ಹೆಚ್ಚುತ್ತದೆ. ಆಗ ಕ್ಯಾಥೋಡಿಗೆ ಹೋಲಿಸಿದರೆ ಗ್ರಿಡ್ಡು ಇನ್ನಷ್ಟು ಋಣವಾಗಿ ಪ್ರವಾಹವನ್ನು ತಾನೇ ತಗ್ಗಿಸುತ್ತದೆ. ಇದು ಸ್ವಯಂ ಬಯಾಸ್. ನಾಲ್ಕು ಇಎಲ್೮೪ ವಾಲ್ವುಗಳುಳ್ಳ ಇಂಗ್ಲೆಂಡಿನ ವಾಕ್ಸ್ ಎಸಿ೩೦ ಈ ಬಗೆಯದು. ಅದರಲ್ಲಿ ತಿರುಗಿಸಲು ಏನೂ ಇಲ್ಲವೆಂದ ಮಾತ್ರಕ್ಕೆ ಅಳೆಯಲು ಏನೂ ಇಲ್ಲವೆಂದಲ್ಲ. ಸವೆದ ರೆಸಿಸ್ಟರು ಅಲ್ಲಿಯೂ ಕೇಡು ಮಾಡಬಲ್ಲುದು.

ಯಂತ್ರದಿಂದ ಯಂತ್ರಕ್ಕೆ ಏರ್ಪಾಟು ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಅಮೆರಿಕದ ಫೆಂಡರ್ ಸಂಸ್ಥೆಯ ಯಂತ್ರಗಳೇ ಸಾಕ್ಷಿ. ೧೯೫೦ರ ದಶಕದ ಕೊನೆಯ ಬಾಸ್‌ಮನ್ ಆಂಪ್ಲಿಫೈಯರಿನ ೫ಎಫ್೬-ಎ ನಕ್ಷೆಯಲ್ಲಿ ಬಯಾಸು ಪ್ರತ್ಯೇಕ ಪೂರೈಕೆಯಿಂದ ಬಂದರೂ ಅದನ್ನು ತಿರುಗಿಸುವ ಪ್ರೀಸೆಟ್ ಇಲ್ಲ. ೧೯೬೩ರಲ್ಲಿ ಬಂದ ಡಿಲಕ್ಸ್ ರಿವರ್ಬಿನಲ್ಲಿ ಪ್ರೀಸೆಟ್ ಇದೆ. ಆ ದಶಕದ ಕೊನೆಯ ಹಲವು ಮಾದರಿಗಳಲ್ಲಿರುವ ಪ್ರೀಸೆಟ್ಟು ಬಯಾಸಿನ ಮಟ್ಟವನ್ನು ಏರಿಳಿಸುವುದಿಲ್ಲ. ಎರಡು ಬದಿಯ ವಾಲ್ವುಗಳ ನಡುವಣ ಸಮತೋಲವನ್ನು ಮಾತ್ರ ಸರಿಪಡಿಸುತ್ತದೆ. ಅದನ್ನು ತಿರುಗಿಸಿ ಒಂದು ವಾಲ್ವಿನ ಪ್ರವಾಹವನ್ನು ಇಳಿಸಿದವನು ಇನ್ನೊಂದರ ಪ್ರವಾಹವನ್ನು ತನಗರಿವಿಲ್ಲದೆ ಏರಿಸಿರುತ್ತಾನೆ. ಆದುದರಿಂದ ಸ್ಕ್ರೂಡ್ರೈವರನ್ನು ಕೈಗೆತ್ತಿಕೊಳ್ಳುವ ಮುನ್ನ ಆ ಯಂತ್ರದ ನಕ್ಷೆಯನ್ನು ಓದಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಇಷ್ಟು ಹೇಳಿದ ಮೇಲೆ ಅತ್ಯಂತ ಮುಖ್ಯವಾದ ಮಾತು. ವಾಲ್ವ್ ಆಂಪ್ಲಿಫೈಯರಿನ ಒಳಗಿನ ೪೦೦, ೫೦೦ ವೋಲ್ಟುಗಳ ನೇರ ವಿದ್ಯುತ್ತು ಮನುಷ್ಯನನ್ನು ಕೊಲ್ಲಬಲ್ಲುದು. ಪ್ಲಗ್ಗನ್ನು ಕಿತ್ತ ಮಾತ್ರಕ್ಕೆ ಅಪಾಯ ಕಳೆಯಿತೆಂದು ತಿಳಿಯಬಾರದು. ಪೂರೈಕೆಯ ಭಾಗದಲ್ಲಿರುವ ಕಂಡೆನ್ಸರುಗಳು ಆ ಬಳಿಕವೂ ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ. ಅವುಗಳನ್ನು ತಕ್ಕ ರೆಸಿಸ್ಟರಿನ ಮೂಲಕ ಬರಿದುಮಾಡಿ, ಬರಿದಾದುದನ್ನು ಮೀಟರಿನಿಂದ ಖಚಿತಪಡಿಸಿಕೊಂಡ ಮೇಲೆಯೇ ಒಳಗೆ ಕೈ ಹಾಕತಕ್ಕದ್ದು. ಮೀಟರು ಮತ್ತು ಅದರ ವೈರುಗಳು ಅಷ್ಟು ವೋಲ್ಟೇಜನ್ನು ತಾಳುವಂತಹವಾಗಿರಬೇಕು. ವೈರುಗಳ ಕ್ಲಿಪ್ಪುಗಳನ್ನು ವಿದ್ಯುತ್ತಿಲ್ಲದಾಗಲೇ ಸಿಕ್ಕಿಸಬೇಕು. ವಿದ್ಯುತ್ತು ಇರುವಾಗ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವ ಹಳೆಯ ಪದ್ಧತಿಗೆ ಅರ್ಥವಿದೆ: ಎರಡೂ ಕೈಗಳು ತಗುಲಿದರೆ ಪ್ರವಾಹವು ಎದೆಯ ಮೂಲಕ ಹಾದುಹೋಗುತ್ತದೆ. ಸ್ಪೀಕರನ್ನು ಜೋಡಿಸದೆ ಆಂಪ್ಲಿಫೈಯರನ್ನು ನುಡಿಸಕೂಡದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಅದರಿಂದ ಹಾನಿ. ಒಂಟಿಯಾಗಿ ಈ ಕೆಲಸವನ್ನು ಎಂದಿಗೂ ಮಾಡಕೂಡದು.

ಕೆಲವರು ಪ್ಲೇಟಿಗೂ ಟ್ರಾನ್ಸ್‌ಫಾರ್ಮರಿನ ನಡುಬಿಂದುವಿಗೂ ನೇರವಾಗಿ ಮಿಲಿಆಂಪಿಯರ್ ಮೀಟರನ್ನು ತಗುಲಿಸಿ ಪ್ರವಾಹವನ್ನು ಅಳೆಯುವುದುಂಟು. ಸ್ಕ್ರೀನಿನ ಪಾಲು ಸೇರದೆ ಪ್ಲೇಟಿನ ಪ್ರವಾಹವೇ ತಿಳಿಯುವುದೆಂಬುದು ಅವರ ಸಮರ್ಥನೆ. ಆದರೆ ಆಗ ಮೀಟರಿನ ಎರಡು ಕಡ್ಡಿಗಳೂ ಪೂರ್ಣ ವೋಲ್ಟೇಜಿನಲ್ಲಿರುತ್ತವೆ. ಒಂದು ಜಾರಿದರೆ ಕಿಡಿ ಹಾರುತ್ತದೆ, ಯಂತ್ರ ಹಾಳಾಗುತ್ತದೆ, ಕೈಯೂ ತಾಗಬಹುದು. ೧ ಓಮ್ ರೆಸಿಸ್ಟರಿನ ಮೇಲೆ ಅಳೆಯುವವನು ಪ್ರವಾಹಕ್ಕಾಗಿ ಮುಟ್ಟುವುದು ಕೆಲವೇ ಮಿಲಿವೋಲ್ಟುಗಳನ್ನು. ಸ್ಕ್ರೀನಿನ ಪಾಲನ್ನು ಅಂದಾಜಿನಿಂದ ಕಳೆಯುವಾಗ ಬರುವ ಅಲ್ಪ ದೋಷವನ್ನು ಜೀವಭದ್ರತೆಗೆ ತೆತ್ತ ಬೆಲೆಯೆಂದು ಸಂತೋಷದಿಂದ ಒಪ್ಪಬಹುದು.

“ಇಷ್ಟು ಅಪಾಯವಿರುವುದನ್ನು ವಿದ್ಯಾರ್ಥಿಗಳಿಗೆ ಹೇಳುವುದೇಕೆ? ಬಲ್ಲವರಿಗೆ ಬಿಟ್ಟರಾಗದೆ?” ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೇ. ಪೆಟ್ಟಿಗೆಯನ್ನು ತೆರೆಯುವುದು ಬೇರೆ, ಪೆಟ್ಟಿಗೆಯೊಳಗಿನದನ್ನು ತಿಳಿಯುವುದು ಬೇರೆ. ಮೊದಲನೆಯದು ಅನುಭವಿಗಳ ಕೆಲಸ. ಎರಡನೆಯದು ಎಲ್ಲರ ಹಕ್ಕು. ಪ್ರೌಢಶಾಲೆಯ ವಿದ್ಯಾರ್ಥಿ ಪೆಟ್ಟಿಗೆಯನ್ನು ತೆರೆಯದಿರಲಿ. ಬಲ್ಲವರು ಅಳೆಯುವಾಗ ಪಕ್ಕದಲ್ಲಿ ನಿಂತು, ಅವರು ಓದಿ ಹೇಳಿದ ಎರಡು ಅಂಕಿಗಳನ್ನು ಬರೆದುಕೊಂಡು, ಗುಣಿಸಿ, ಮಿತಿಯೊಡನೆ ಹೋಲಿಸಿ ನೋಡಲಿ. “ಎಷ್ಟು ವಾಟ್ ಬಂತು?” ಎಂಬ ಒಂದು ಪ್ರಶ್ನೆಯನ್ನು ಕೇಳಬಲ್ಲ ವಾದಕನ ಮುಂದೆ ರಿಪೇರಿಗಾರನೂ ಎಚ್ಚರಿಕೆಯಿಂದ ಕೆಲಸ ಮಾಡುತ್ತಾನೆ. ತಿಳಿಯದವನು ಮಾತ್ರ “ಸರಿಮಾಡಿದ್ದೇನೆ” ಎಂಬ ಮಾತಿಗೆ ಹಣ ತೆತ್ತು ಹಿಂದಿರುಗಬೇಕಾಗುತ್ತದೆ.

ಈ ತಿಳಿವಳಿಕೆ ವಾಲ್ವಿನೊಡನೆಯೇ ಮುಗಿಯುವುದೂ ಅಲ್ಲ. ಟ್ರಾನ್ಸಿಸ್ಟರಿಗೂ ಬಯಾಸ್ ಬೇಕು. ಜೋಡಿ ಟ್ರಾನ್ಸಿಸ್ಟರುಗಳ ನಡುವೆಯೂ ಕೆಲಸ ದಾಟುವ ಎಡೆಯಲ್ಲಿ ಅದೇ ಕೊಂಕು ಮೂಡುತ್ತದೆ. ಅತಿಯಾದ ಶಾಖವು ಅಲ್ಲಿಯೂ ಪ್ರವಾಹವನ್ನು ಹೆಚ್ಚಿಸಿ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಕಾಲೇಜಿನ ವಿದ್ಯಾರ್ಥಿಗೆ ಪುಸ್ತಕದಲ್ಲಿ ರೇಖೆಯಾಗಿ ಮಾತ್ರ ಕಾಣುವ ಈ ಸಂಗತಿಗಳು ಇಲ್ಲಿ ನಾದವಾಗಿ ಕೇಳುತ್ತವೆ, ಶಾಖವಾಗಿ ತಟ್ಟುತ್ತವೆ. ಓಮನ ನಿಯಮವನ್ನು ಪರೀಕ್ಷೆಗಾಗಿ ಕಲಿತವನು ಅದನ್ನು ಒಂದು ಪ್ರಿಯವಾದ ವಸ್ತುವಿನ ರಕ್ಷಣೆಗಾಗಿ ಬಳಸಿದ ದಿನ ಅದು ಅವನ ಸ್ವಂತದ್ದಾಗುತ್ತದೆ.

ಆದುದರಿಂದ ವಾದಕರಾಗಲಿ, ವಿಜ್ಞಾನದ ವಿದ್ಯಾರ್ಥಿಗಳಾಗಲಿ, “ಇದು ಗುಟ್ಟಿನ ವಿದ್ಯೆ” ಎನ್ನುವವರನ್ನೂ “ಇದೊಂದು ಅಂಕಿ, ಅಷ್ಟೇ” ಎನ್ನುವವರನ್ನೂ ಸಮಾನವಾದ ಸಂಶಯದಿಂದ ಕಾಣಲಿ. ನಕ್ಷೆಯನ್ನು ಓದಿ, ಎರಡು ಅಳತೆಗಳನ್ನು ತೆಗೆದುಕೊಂಡು, ಗಡಿಯನ್ನು ಗುರುತಿಸಿಕೊಂಡು, ಆ ಬಳಿಕ ಗಿಟಾರನ್ನು ಕೈಗೆತ್ತಿಕೊಂಡು ಆಲಿಸಲಿ. ಮೀಟರನ್ನು ನಂಬುವವನಿಗೂ ಕಿವಿಯನ್ನು ನಂಬುವವನಿಗೂ ಅಲ್ಲಿ ಜಗಳವಾಡಲು ಕಾರಣ ಉಳಿಯಲಾರದೆಂದು ನಮ್ಮ ನಂಬಿಕೆ.